ಮಿದುಳಿನ ಗಡ್ಡೆಯೂ ರಕ್ತನಾಳದ ತೊಡಕೂ: ಶಸ್ತ್ರವೈದ್ಯರ ಮೂರು ಪ್ರಶ್ನೆಗಳು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕು ತಾಲೂಕುಗಳ ಯಾವ ಮನೆಯಲ್ಲಾದರೂ “ತಲೆಯೊಳಗೆ ಗಡ್ಡೆಯಿದೆ” ಎಂಬ ಮಾತು ಡಾಕ್ಟರ ಬಾಯಿಂದ ಬಂದಿತೆಂದರೆ ಮನೆಮಂದಿಯ ಕೈಕಾಲು ಉಡುಗಿಹೋಗುವುವು. “ತಲೆ ಒಡೆದರೆ ಮನುಷ್ಯ ಉಳಿಯುವುದುಂಟೇ?” ಎಂದು ಹಿರಿಯರು ಕೇಳುವರು. “ಉಳಿದರೂ ಮೊದಲಿನವನಾಗಿ ಉಳಿದಾನೇ?” ಎಂದು ತಾಯಿಯೋ ಹೆಂಡತಿಯೋ ಒಳಗೊಳಗೇ ಕೊರಗುವರು. ಈ ಎರಡು ಪ್ರಶ್ನೆಗಳೂ ಅಜ್ಞಾನದವುಗಳಲ್ಲ. ನೂರು ವರ್ಷಗಳ ಹಿಂದೆ ಜಗತ್ತಿನ ದೊಡ್ಡ ಶಸ್ತ್ರವೈದ್ಯರೂ ಇವನ್ನೇ ಕೇಳಿಕೊಳ್ಳುತ್ತಿದ್ದರು. ಆದರೆ ನೂರು ವರ್ಷಗಳಲ್ಲಿ ಉತ್ತರವು ಬದಲಾಗಿದೆ; ನಮ್ಮ ಭಯವು ಮಾತ್ರ ಹಳೆಯ ಉತ್ತರಕ್ಕೇ ಅಂಟಿಕೊಂಡಿದೆ. ಈ ಭಯದಿಂದಾಗಿ ಕಳೆದುಹೋಗುವ ತಿಂಗಳುಗಳೇ ಎಷ್ಟೋ ಸಲ ರೋಗಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡುವುವು. ಆದುದರಿಂದ ಮಿದುಳಿನ ಗಡ್ಡೆ, ಮಿದುಳಿನ ರಕ್ತನಾಳಗಳ ವಿಕಾರ ಇವುಗಳ ವಿಷಯದಲ್ಲಿ ಶಸ್ತ್ರವೈದ್ಯರ ಶೋಧನೆಯು ಏನನ್ನು ಕಂಡುಕೊಂಡಿತು, ಏನನ್ನು ಕೈಬಿಟ್ಟಿತು, ಗೃಹಸ್ಥರಾದವರು ಅದರಲ್ಲಿ ಏನನ್ನು ತಿಳಿದಿರಬೇಕು ಎಂಬುದನ್ನು ನಾವು ಇಲ್ಲಿ ವಾಚಕರ ಮುಂದಿಡುತ್ತೇವೆ.

ಈ ಶೋಧನೆಯ ಕಥೆಯೆಲ್ಲವೂ ಮೂರು ಪ್ರಶ್ನೆಗಳೊಳಗೆ ಅಡಗಿದೆಯೆಂದು ಹೇಳಬಹುದು. ಮೊದಲನೆಯದು, ವಿಕಾರವು ಎಲ್ಲಿದೆ? ಎರಡನೆಯದು, ಅದು ಏನು? ಮೂರನೆಯದು, ಅದಕ್ಕೆ ಕೈಯಿಡಬೇಕೇ, ಬೇಡವೇ?

ಎಲ್ಲಿದೆ?

ವಯಸ್ಕ ಮನುಷ್ಯನ ಮಿದುಳು ಸುಮಾರು 1.3ರಿಂದ 1.4 ಕಿಲೋಗ್ರಾಮ್ ತೂಗುವುದು. ಮೈಯ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರವಾದರೂ, ನಾವು ಉಸಿರಾಡುವ ಪ್ರಾಣವಾಯುವಿನಲ್ಲಿ ಐದರಲ್ಲೊಂದು ಪಾಲನ್ನು ಅದೇ ಬಳಸಿಕೊಳ್ಳುವುದು. ಅದನ್ನು ಮುಚ್ಚಿರುವ ಬುರುಡೆಯು ಹಿಗ್ಗುವಂಥದಲ್ಲ. ಹೊಟ್ಟೆಯಲ್ಲಿ ಗಡ್ಡೆ ಬೆಳೆದರೆ ಹೊಟ್ಟೆಯು ಉಬ್ಬಿ ಎಡೆಮಾಡಿಕೊಡುವುದು. ಬುರುಡೆಯೊಳಗೆ ನಿಂಬೆಹಣ್ಣಿನಷ್ಟು ಬೆಳೆದರೂ ಸಾಕು, ಒಳಗಿನ ಒತ್ತಡವು ಏರುವುದು. ಆ ಒತ್ತಡದಿಂದಲೇ ಬೆಳಗಿನ ಜಾವದ ತಲೆನೋವು, ವಾಂತಿ, ಕಣ್ಣು ಮಂಜಾಗುವುದು ಮುಂತಾದ ಲಕ್ಷಣಗಳು ಹುಟ್ಟುವುವು. ಗಡ್ಡೆಯು ಕುಳಿತ ಸ್ಥಾನಕ್ಕೆ ತಕ್ಕಂತೆ ಒಂದು ಕೈ ಸೋಲುವುದು, ಮಾತು ತಡೆಯುವುದು, ಮೂರ್ಛೆ ಬರುವುದು, ಇಲ್ಲವೆ ಶಾಂತನಾಗಿದ್ದವನು ಕಾರಣವಿಲ್ಲದೆ ಸಿಡುಕನಾಗುವುದು.

ಮಿದುಳಿನ ಬೇರೆ ಬೇರೆ ಭಾಗಗಳು ಬೇರೆ ಬೇರೆ ಕೆಲಸಗಳನ್ನು ನಡೆಯಿಸುವುವು ಎಂಬುದು 19ನೆಯ ಶತಮಾನದ ಉತ್ತರಾರ್ಧದಲ್ಲಿ ಸ್ಪಷ್ಟವಾಯಿತು. ಆ ತಿಳಿವಳಿಕೆಯ ಮೊದಲ ದೊಡ್ಡ ಪರೀಕ್ಷೆಯು 1884ರ ನವೆಂಬರ್ 25ರಂದು ಲಂಡನ್ನಿನಲ್ಲಿ ನಡೆಯಿತು. ಸ್ಕಾಟ್ಲೆಂಡಿನ 25 ವರ್ಷದ ರೈತನೊಬ್ಬನಿಗೆ ಮೂರ್ಛೆ ಬರುತ್ತಿತ್ತು, ಎಡಗೈ ಸೋತಿತ್ತು. ಹ್ಯೂಸ್ ಬೆನೆಟ್ ಎಂಬ ವೈದ್ಯರು ರೋಗಿಯ ಲಕ್ಷಣಗಳನ್ನು ಮಾತ್ರ ನೋಡಿ, ಬುರುಡೆಯ ಬಲಭಾಗದಲ್ಲಿ ಇಂಥಲ್ಲಿಯೇ ಗಡ್ಡೆಯಿರಬೇಕೆಂದು ಗುರುತು ಹಾಕಿಕೊಟ್ಟರು. ರಿಕ್‌ಮನ್ ಗಾಡ್ಲೀ ಎಂಬ ಶಸ್ತ್ರವೈದ್ಯರು ಅಲ್ಲಿಯೇ ತೆರೆದು ನೋಡಲಾಗಿ ಅಕ್ರೋಟಿನಷ್ಟು ಗಡ್ಡೆಯು ಸಿಕ್ಕಿತು. ಆದರೆ ಗಾಯವು ನಂಜೇರಿ ರೋಗಿಯು ಒಂದು ತಿಂಗಳೊಳಗಾಗಿ ತೀರಿಕೊಂಡನು. “ಎಲ್ಲಿದೆ” ಎಂಬುದಕ್ಕೆ ಉತ್ತರ ದೊರೆಯಿತು. ಮನುಷ್ಯನು ಮಾತ್ರ ಉಳಿಯಲಿಲ್ಲ.

ಮುಂದಿನ ತಲೆಮಾರುಗಳು ಈ ಎರಡನ್ನೂ ಸಾಧಿಸಲು ದುಡಿದುವು. ಅಮೇರಿಕೆಯ ಹಾರ್ವೆ ಕುಶಿಂಗ್ ಎಂಬವರು ರಕ್ತ ನಿಲ್ಲಿಸುವುದಕ್ಕಾಗಿ 1911ರಲ್ಲಿ ಬೆಳ್ಳಿಯ ಚಿಕ್ಕ ಚಿಮುಟುಗಳನ್ನೂ, 1926ರಲ್ಲಿ ವಿದ್ಯುತ್ತಿನಿಂದ ನಾಳವನ್ನು ಸುಟ್ಟು ಮುಚ್ಚುವ ಉಪಕರಣವನ್ನೂ ಬಳಕೆಗೆ ತಂದರು. 1931ರ ಹೊತ್ತಿಗೆ ಅವರು ಶಸ್ತ್ರಮಾಡಿ ಖಚಿತಪಡಿಸಿದ ಗಡ್ಡೆಗಳ ಸಂಖ್ಯೆ 2000ಕ್ಕೆ ಮುಟ್ಟಿತು. ವಾಲ್ಟರ್ ಡ್ಯಾಂಡಿ ಎಂಬವರು 1918ರಲ್ಲಿ ಮಿದುಳಿನ ಕುಳಿಗಳೊಳಗೆ ಗಾಳಿಯನ್ನು ತುಂಬಿ ಕ್ಷಕಿರಣದ ಚಿತ್ರ ತೆಗೆಯುವ ದಾರಿಯನ್ನು ತೋರಿಸಿದರು. ಪೋರ್ತುಗಾಲದ ಎಗಾಸ್ ಮೋನಿಝ್ 1927ರಲ್ಲಿ ಕತ್ತಿನ ನಾಳದೊಳಗೆ ಕ್ಷಕಿರಣಕ್ಕೆ ಕಾಣುವ ದ್ರವವನ್ನು ಬಿಟ್ಟು ಮಿದುಳಿನ ರಕ್ತನಾಳಗಳ ಚಿತ್ರವನ್ನು ಪಡೆದರು. ಈ ಪದ್ಧತಿಗಳಲ್ಲಿ ರೋಗಿಗೆ ನೋವೂ ಅಪಾಯವೂ ಇದ್ದುವು. 1971ರ ಅಕ್ಟೋಬರದಲ್ಲಿ ಇಂಗ್ಲೆಂಡದ ಗಾಡ್‌ಫ್ರೆ ಹೌನ್ಸ್‌ಫೀಲ್ಡರು ರಚಿಸಿದ ಸಿ.ಟಿ. ಯಂತ್ರದಿಂದ ಜೀವಂತ ಮನುಷ್ಯನ ಮಿದುಳನ್ನು ಹೋಳುಹೋಳಾಗಿ ನೋಡುವ ಬಗೆ ಸಿದ್ಧವಾಯಿತು. ಆ ಬಳಿಕ ಕಾಂತಬಲದಿಂದ ನಡೆಯುವ ಎಂ.ಆರ್.ಐ. ಬಂದಿತು. ಲಂಡನ್ನಿನ ಆ ರೈತನ ವಿಷಯದಲ್ಲಿ ಬೆನೆಟ್ಟರು ತರ್ಕದಿಂದ ಕಂಡುದನ್ನು ಈಗ ನಮ್ಮ ಭಾಗದ ರೋಗಿಯೊಬ್ಬನು ಬಾಗಿಲಕೋಟೆಯಲ್ಲಿಯೋ ವಿಜಯಪುರದಲ್ಲಿಯೋ ಬೆಳಗಾವಿಯಲ್ಲಿಯೋ ಮಿರಜಿನಲ್ಲಿಯೋ ಕೆಲವು ನಿಮಿಷಗಳಲ್ಲಿ ತೋರಿಸಿಕೊಂಡು ಬರಬಹುದಾಗಿದೆ.

ಏನದು?

“ಗಡ್ಡೆ” ಎಂಬ ಒಂದೇ ಶಬ್ದದಲ್ಲಿ ನಾವು ಹತ್ತಾರು ಬೇರೆ ಬೇರೆ ರೋಗಗಳನ್ನು ಕರೆಯುತ್ತೇವೆ. ಭಯದ ಮೂಲವು ಬಹುಮಟ್ಟಿಗೆ ಇಲ್ಲಿಯೇ ಇದೆ. ಎರೆಹೊಲದಲ್ಲಿ ಗೆಣಸು ಬೆಳೆದರೆ ಸುತ್ತಲಿನ ಮಣ್ಣನ್ನು ಸರಿಸಿ ಇಡಿಯಾಗಿ ಕಿತ್ತು ತೆಗೆಯಬಹುದು. ಕರಿಕೆಯ ಹುಲ್ಲು ಬೆಳೆದರೆ ಕಣ್ಣಿಗೆ ಕಂಡುದನ್ನು ಕಿತ್ತರೂ ಬೇರು ಮಣ್ಣಿನೊಳಗೆ ಹರಡಿಕೊಂಡೇ ಇರುವುದು. ಮಿದುಳಿನ ಗಡ್ಡೆಗಳಲ್ಲಿಯೂ ಈ ಎರಡು ಬಗೆಗಳುಂಟು. ಮಿದುಳಿನ ಹೊರಗಣ ಪೊರೆಯಿಂದ ಹುಟ್ಟುವ ಮೆನಿಂಜಿಯೋಮಾ ಎಂಬುದು ಹೆಚ್ಚಾಗಿ ಗೆಣಸಿನ ಜಾತಿಯದು; ಮೆಲ್ಲಗೆ ಬೆಳೆಯುವುದು, ಸ್ಥಳವು ಅನುಕೂಲವಾಗಿದ್ದರೆ ಪೂರ್ಣವಾಗಿ ತೆಗೆಯಲು ಬರುವುದು. ಮಿದುಳಿನ ಆಧಾರಕೋಶಗಳಿಂದಲೇ ಹುಟ್ಟುವ ಗ್ಲಿಯೋಮಾಗಳು ಹೆಚ್ಚಾಗಿ ಕರಿಕೆಯ ಜಾತಿಯವು. ಇವಲ್ಲದೆ, ಪುಪ್ಪುಸ ಅಥವಾ ಮೊಲೆಯ ಕ್ಯಾನ್ಸರು ರಕ್ತದ ಮೂಲಕ ಬಂದು ಮಿದುಳಿನಲ್ಲಿ ನೆಲೆಸುವುದೂ ಸಾಮಾನ್ಯವೇ ಆಗಿದೆ.

ಕುಶಿಂಗರೂ ಪರ್ಸಿವಲ್ ಬೇಲಿಯವರೂ 1926ರಲ್ಲಿ ಗ್ಲಿಯೋಮಾಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡ ಕೋಶಗಳಿಗೆ ಅನುಸಾರವಾಗಿ ವರ್ಗಗಳಾಗಿ ವಿಂಗಡಿಸಿ, ಯಾವ ವರ್ಗದ ರೋಗಿ ಎಷ್ಟು ಕಾಲ ಬದುಕಿದನೆಂಬುದನ್ನು ಹೊಂದಿಸಿ ತೋರಿಸಿದರು. 2008ರ ಸುಮಾರಿಗೆ ಈ ಗಡ್ಡೆಗಳ ಬೀಜಕಣಗಳಲ್ಲಿ ಐ.ಡಿ.ಎಚ್. ಎಂಬ ಜೀನಿನ ವ್ಯತ್ಯಾಸವು ಕಂಡುಬಂದಿತು. ಸೂಕ್ಷ್ಮದರ್ಶಕದಲ್ಲಿ ಒಂದೇ ತೆರನಾಗಿ ಕಾಣುವ ಎರಡು ಗಡ್ಡೆಗಳಲ್ಲಿ ಈ ವ್ಯತ್ಯಾಸವಿದ್ದ ರೋಗಿಯು ಇಲ್ಲದವನಿಗಿಂತ ಬಹಳ ಹೆಚ್ಚು ಕಾಲ ಬದುಕುವನೆಂದು ತಿಳಿದುಬಂದಿತು. ಆದುದರಿಂದ ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿಯೂ 2021ರಲ್ಲಿಯೂ ವರ್ಗೀಕರಣವನ್ನೇ ತಿದ್ದಿತು. ತೆಗೆದ ಗಡ್ಡೆಯ ತುಣುಕನ್ನು ಇನ್ನೊಂದು ಪರೀಕ್ಷೆಗೆ ಕಳುಹಬೇಕೆಂದು ಡಾಕ್ಟರು ಹೇಳಿದರೆ ಅದು ದಂಡದ ಖರ್ಚೆಂದು ತಿಳಿಯಬಾರದು. ಮುಂದಿನ ಚಿಕಿತ್ಸೆಯೆಲ್ಲವೂ ಅದನ್ನೇ ಅವಲಂಬಿಸಿರಬಹುದು.

ಕರಿಕೆಯಂಥ ಗಡ್ಡೆಗಳಲ್ಲಿ ಅತ್ಯಂತ ಉಗ್ರವಾದುದು ಗ್ಲಿಯೋಬ್ಲಾಸ್ಟೋಮಾ. ಇದರ ವಿಷಯದಲ್ಲಿ ಸುಳ್ಳು ಭರವಸೆಯನ್ನು ಕೊಡುವುದು ಸರಿಯಲ್ಲ. 2005ರಲ್ಲಿ ಪ್ರಕಟವಾದ 573 ರೋಗಿಗಳ ಪರೀಕ್ಷೆಯೊಂದರಲ್ಲಿ, ಕಿರಣಚಿಕಿತ್ಸೆಯೊಂದನ್ನೇ ಪಡೆದವರ ಮಧ್ಯಮ ಆಯುಸ್ಸು 12.1 ತಿಂಗಳಾದರೆ, ಅದರೊಡನೆ ಟೆಮೊಝೊಲೊಮೈಡ್ ಎಂಬ ಔಷಧಿಯನ್ನು ಕೂಡಿಸಿದವರದು 14.6 ತಿಂಗಳಾಯಿತು. ಎರಡೂವರೆ ತಿಂಗಳು ಅಲ್ಪವೆಂದು ತೋರಬಹುದು. ಆದರೆ ಎರಡು ವರ್ಷ ಬದುಕಿದವರ ಪ್ರಮಾಣವು ನೂರಕ್ಕೆ ಸುಮಾರು 10ರಿಂದ 26ಕ್ಕೆ ಏರಿತು. ಬೇರುಗಳನ್ನು ಕಾಣಿಸಿಕೊಡುವ ಉಪಾಯವೂ ಬಂದಿದೆ. ಶಸ್ತ್ರಕ್ಕೆ ಮುಂಚೆ ರೋಗಿಗೆ ಒಂದು ದ್ರಾವಣವನ್ನು ಕುಡಿಸಿದರೆ, ನೀಲಿ ಬೆಳಕಿನಲ್ಲಿ ಗಡ್ಡೆಯ ಭಾಗವು ಗುಲಾಬಿ ಬಣ್ಣದಿಂದ ಹೊಳೆಯುವುದು. 2006ರಲ್ಲಿ ಪ್ರಕಟವಾದ ಜರ್ಮನಿಯ ಪರೀಕ್ಷೆಯಲ್ಲಿ ಈ ಬೆಳಕಿನ ಸಹಾಯದಿಂದ ಕಾಣುವ ಗಡ್ಡೆಯನ್ನು ಪೂರ್ತಿ ತೆಗೆಯಲಾದವರು ನೂರಕ್ಕೆ 65 ಮಂದಿ. ಸಾಮಾನ್ಯ ಬೆಳಕಿನಲ್ಲಿ 36 ಮಂದಿ ಮಾತ್ರ.

ನಮ್ಮ ದೇಶಕ್ಕೆ ವಿಶೇಷವಾದ ಇನ್ನೊಂದು ಸಂಗತಿಯುಂಟು. ಚಿತ್ರದಲ್ಲಿ ಗಡ್ಡೆಯೆಂದು ಕಂಡುದೆಲ್ಲವೂ ಗಡ್ಡೆಯಲ್ಲ. ಕ್ಷಯರೋಗದ ಗಂಟು ಮಿದುಳಿನಲ್ಲಿ ಕಟ್ಟಿಕೊಂಡು ಗಡ್ಡೆಯಂತೆಯೇ ಪೀಡಿಸುವುದು. ಹಂದಿಯ ಲಾಡಿಹುಳುವಿನ ಮರಿಗಳು ಮಿದುಳಿನಲ್ಲಿ ಸೇರಿಕೊಂಡು ಮೂರ್ಛೆಯನ್ನು ತರುವುವು. ಎರಡನೆಯದು ಮಾಂಸಾಹಾರಿಗಳಿಗೆ ಮಾತ್ರ ಬರುವುದೆಂಬುದು ತಪ್ಪು ತಿಳಿವಳಿಕೆ. ಹುಳುವಿನ ತತ್ತಿಗಳು ಮನುಷ್ಯರ ಮಲದಿಂದ ಮಣ್ಣಿಗೂ ನೀರಿಗೂ, ಅಲ್ಲಿಂದ ಹಸಿ ಕಾಯಿಪಲ್ಲೆಗೂ ತಗಲುವುದರಿಂದ ಶುದ್ಧ ಸಸ್ಯಾಹಾರಿಗಳೂ ಇದಕ್ಕೆ ಗುರಿಯಾಗುವರು. ಕೊತ್ತಂಬರಿ, ಮೂಲಂಗಿ, ಸವತೆಕಾಯಿಗಳನ್ನು ಚೆನ್ನಾಗಿ ತೊಳೆಯಬೇಕೆನ್ನುವುದು ಇದಕ್ಕಾಗಿಯೇ. ಮೂರ್ಛೆಯುಳ್ಳ ಭಾರತೀಯ ರೋಗಿಗಳ ಸಿ.ಟಿ. ಚಿತ್ರದಲ್ಲಿ ಕಾಣುವ ಒಂದೇ ಒಂದು ಚಿಕ್ಕ ಕಲೆ ಏನೆಂಬುದು ಬಹುಕಾಲ ವಿವಾದದಲ್ಲಿತ್ತು. ವೆಲ್ಲೂರಿನ ಶಸ್ತ್ರವೈದ್ಯರು ಅಂಥ ಕಲೆಗಳನ್ನು ತೆಗೆದು ಪರೀಕ್ಷಿಸಿ, ಅವುಗಳಲ್ಲಿ ಬಹಳಷ್ಟು ಸಾಯುತ್ತಿರುವ ಹುಳುವಿನ ಗಂಟುಗಳೆಂದೂ, ಎಷ್ಟೋ ತಾವಾಗಿಯೇ ಕರಗುವುವೆಂದೂ ತೋರಿಸಿದರು. 20 ಮಿಲಿಮೀಟರಿಗಿಂತ ಚಿಕ್ಕದಾದ ಹುಳುವಿನ ಗಂಟನ್ನು ಕ್ಷಯದ ಗಂಟಿನಿಂದ ಬೇರ್ಪಡಿಸಿ ಗುರುತಿಸುವ ಲಕ್ಷಣಗಳನ್ನೂ ಕೊಟ್ಟರು. ಇದರಿಂದ ಅನಾವಶ್ಯಕವಾಗಿ ತಲೆ ತೆರೆಯಿಸಿಕೊಳ್ಳುವ ಕಷ್ಟವು ಎಷ್ಟೋ ಜನರಿಗೆ ತಪ್ಪಿತು. ಕ್ಷಯದ ಗಂಟುಗಳನ್ನೂ ಈಗ ಹೆಚ್ಚಾಗಿ ತಿಂಗಳುಗಟ್ಟಲೆಯ ಔಷಧಿಯಿಂದಲೇ ಕರಗಿಸುವರು.

ರಕ್ತನಾಳಗಳ ತೊಡಕು

ರಕ್ತನಾಳಗಳ ವಿಕಾರವನ್ನು ನಮ್ಮ ಭಾಗದವರಿಗೆ ತಿಳಿಯಹೇಳುವುದು ಕಷ್ಟವಲ್ಲ. ದೊಡ್ಡ ಕಾಲುವೆಯ ನೀರು ತೂಬು, ಉಪಕಾಲುವೆ, ಹರಿಗಾಲುವೆಗಳನ್ನು ದಾಟಿ ವೇಗವನ್ನು ಕಳೆದುಕೊಂಡು ಕಬ್ಬಿನ ಸಾಲಿಗೆ ಬರುವುದು. ಉಳಿದುದು ಬಸಿಗಾಲುವೆಗೆ ಇಳಿಯುವುದು. ಹಾಗೆಯೇ ಹೃದಯದಿಂದ ಬರುವ ಅಪಧಮನಿಯ ರಕ್ತವು ಕೂದಲಿಗಿಂತ ಸಣ್ಣ ಲೋಮನಾಳಗಳನ್ನು ದಾಟಿ, ಒತ್ತಡವನ್ನು ಇಳಿಸಿಕೊಂಡು, ಅಭಿಧಮನಿಗೆ ಸೇರಬೇಕು. ಕೆಲವರಲ್ಲಿ ಒಂದು ಸ್ಥಳದಲ್ಲಿ ಈ ಸಣ್ಣ ನಾಳಗಳೇ ಇಲ್ಲದೆ, ಅಪಧಮನಿಗಳು ನೇರವಾಗಿ ಅಭಿಧಮನಿಗಳೊಳಗೆ ಸುರಿಯುವ ಗೋಜಲೊಂದು ಇರುವುದು. ತೂಬಿಲ್ಲದೆ ದೊಡ್ಡ ಕಾಲುವೆಯನ್ನು ಬಸಿಗಾಲುವೆಗೆ ಒಡೆದು ಬಿಟ್ಟಂತೆಯೇ ಇದು. ತೆಳುಗೋಡೆಯ ಅಭಿಧಮನಿಯು ಆ ಒತ್ತಡವನ್ನು ತಾಳಲಾರದೆ ಒಂದು ದಿನ ಒಡೆಯಬಹುದು. ಹಾಗೆ ಒಡೆಯುವ ಸಂಭವವು ವರ್ಷಕ್ಕೆ ನೂರಕ್ಕೆ ಎರಡರಿಂದ ನಾಲ್ಕರಷ್ಟೆಂದು ಲೆಕ್ಕಹಾಕಿರುವರು. ವಯಸ್ಸಾದವರಿಗೇ ಲಕ್ವಾ ಹೊಡೆಯುವುದೆಂಬ ನಂಬಿಕೆ ಇಲ್ಲಿ ಸಲ್ಲದು. ಈ ಗೋಜಲಿನಿಂದ ಹುಡುಗರಲ್ಲಿಯೂ ಹರೆಯದವರಲ್ಲಿಯೂ ಮಿದುಳಿನೊಳಗೆ ರಕ್ತ ಸುರಿಯುವುದುಂಟು.

ಇನ್ನೆರಡು ಬಗೆಗಳನ್ನೂ ಹೇಳಬೇಕು. ಅಪಧಮನಿಯ ಗೋಡೆಯು ಕವಲೊಡೆಯುವಲ್ಲಿ ತೆಳುವಾಗಿ ಬುಗ್ಗೆಯಂತೆ ಉಬ್ಬುವುದು ಒಂದು. ಬೀಡಿ ಸಿಗರೇಟುಗಳೂ ಏರಿದ ರಕ್ತದೊತ್ತಡವೂ ಈ ಉಬ್ಬಿಗೆ ಪೋಷಕವೆಂದು ಸಿದ್ಧವಾಗಿದೆ. ಹಿಪ್ಪುನೇರಳೆಯ ಹಣ್ಣಿನ ಆಕಾರದಲ್ಲಿ ಸಣ್ಣ ಸಣ್ಣ ರಕ್ತದ ಗೂಡುಗಳು ಗುಂಪುಗೂಡಿರುವುದು ಇನ್ನೊಂದು. ಇದು ಮೂರ್ಛೆಗೆ ಕಾರಣವಾಗಬಹುದು, ಮತ್ತು ಕೆಲವು ಮನೆತನಗಳಲ್ಲಿ ವಂಶಪಾರಂಪರ್ಯವಾಗಿ ಬರುವುದುಂಟು.

ಗೋಜಲನ್ನು ಬಿಡಿಸುವ ಶಸ್ತ್ರಕ್ಕೆ ರಬಕವಿ-ಬನಹಟ್ಟಿಯ ನೇಕಾರರ ತಾಳ್ಮೆಯೇ ಬೇಕು. ತೊಡಕಿಕೊಂಡ ನೂಲಿನಲ್ಲಿ ಯಾವ ಎಳೆಯನ್ನು ಮೊದಲು ಹಿಡಿಯಬೇಕೆಂಬ ಕ್ರಮವಿದ್ದಂತೆ, ಇಲ್ಲಿಯೂ ಒಂದು ಕ್ರಮವುಂಟು. ರಕ್ತ ತರುವ ನಾಳಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದು, ರಕ್ತ ಒಯ್ಯುವ ಅಭಿಧಮನಿಯನ್ನು ಕಟ್ಟಕಡೆಗೆ ಮುಚ್ಚಬೇಕು. ಮೊದಲೇ ಅದನ್ನು ಮುಚ್ಚಿದರೆ ಒಳಬರುವ ರಕ್ತಕ್ಕೆ ದಾರಿಯಿಲ್ಲದೆ ಗೋಜಲು ಒಡೆಯುವುದು. 1960ರ ದಶಕದ ಕೊನೆಯಲ್ಲಿ ಝ್ಯೂರಿಕ್ ನಗರದ ಗಾಝಿ ಯಾಸರ್ಗಿಲರು ಶಸ್ತ್ರಮಾಡುವಾಗಲೇ ಸೂಕ್ಷ್ಮದರ್ಶಕವನ್ನು ಬಳಸುವ ಕಲೆಯನ್ನು ಬೆಳೆಯಿಸಿದ ಬಳಿಕ ಇಂಥ ಕೆಲಸವು ಸಾಧ್ಯವಾಯಿತು. ಉಬ್ಬಿದ ನಾಳದ ಕೊರಳಿಗೆ ಚಿಮುಟು ಹಾಕುವ ಶಸ್ತ್ರವನ್ನು ಡ್ಯಾಂಡಿಯವರು 1937ರಲ್ಲಿಯೇ ಮಾಡಿದ್ದರು. ತೊಡೆಯ ನಾಳದಿಂದ ಸೂಕ್ಷ್ಮವಾದ ಕೊಳವೆಯನ್ನು ಮಿದುಳಿನವರೆಗೆ ಏರಿಸಿ, ಉಬ್ಬಿನೊಳಗೆ ಪ್ಲಾಟಿನಮ್ಮಿನ ಸುರುಳಿಯನ್ನು ತುಂಬುವ ಪದ್ಧತಿಯು 1990ರ ಸುಮಾರಿಗೆ ಬಂದಿತು. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ ಎಂಬವರು ಬುರುಡೆಯನ್ನು ತೆರೆಯದೆಯೇ, ನೂರಾರು ಕಿರಣಗಳನ್ನು ಒಂದು ಬಿಂದುವಿನಲ್ಲಿ ಕೂಡಿಸಿ ಗೋಜಲನ್ನು ಮೆಲ್ಲಗೆ ಮುಚ್ಚಿಸುವ ಗಾಮಾನೈಫ್ ಎಂಬ ಸಾಧನವನ್ನು ಕಲ್ಪಿಸಿದರು. ಇದರ ಪರಿಣಾಮವು ಕೂಡಲೇ ಕಾಣದು. ನಾಳಗಳು ಮುಚ್ಚಿಕೊಳ್ಳಲು ಎರಡು ಮೂರು ವರ್ಷಗಳು ಬೇಕಾಗುವುವು.

ಕೈಯಿಡಬೇಕೇ, ಬೇಡವೇ?

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಠಿನವಾದುದು. ಮಾಡಲು ಬರುವುದೆಂದ ಮಾತ್ರಕ್ಕೆ ಮಾಡಬೇಕೆಂದಾಗಲಿಲ್ಲ. 1986ರಲ್ಲಿ ಸ್ಪೆಟ್ಸ್‌ಲರ್ ಮತ್ತು ಮಾರ್ಟಿನ್ ಎಂಬ ಅಮೇರಿಕೆಯ ವೈದ್ಯರು ಗೋಜಲಿನ ಶಸ್ತ್ರದ ಅಪಾಯವನ್ನು ಅಳೆಯಲು ಒಂದು ಸುಲಭವಾದ ಎಣಿಕೆಯನ್ನು ಕೊಟ್ಟರು. ಗೋಜಲು 3 ಸೆಂಟಿಮೀಟರಿಗಿಂತ ಚಿಕ್ಕದಾದರೆ 1, 6ರವರೆಗಿದ್ದರೆ 2, ಅದಕ್ಕೂ ದೊಡ್ಡದಾದರೆ 3 ಅಂಕ. ಮಾತು, ಚಲನೆ, ದೃಷ್ಟಿ ಮುಂತಾದ ಮುಖ್ಯ ಕೆಲಸದ ಸ್ಥಾನದಲ್ಲಿದ್ದರೆ ಮತ್ತೊಂದು. ರಕ್ತವು ಆಳದ ಅಭಿಧಮನಿಗೆ ಹರಿಯುತ್ತಿದ್ದರೆ ಇನ್ನೊಂದು. ಕೂಡಿದ ಅಂಕ ಹೆಚ್ಚಿದಷ್ಟೂ ಶಸ್ತ್ರದ ಅಪಾಯವೂ ಹೆಚ್ಚು.

ಒಡೆಯದೆ ಸುಮ್ಮನಿರುವ ಗೋಜಲನ್ನು ಕೆದಕುವುದು ಲೇಸೇ ಎಂಬುದನ್ನು ಪರೀಕ್ಷಿಸಲು ಹಲವು ದೇಶಗಳ ವೈದ್ಯರು ಕೂಡಿ ಅರೂಬಾ ಎಂಬ ಹೆಸರಿನ ಪರೀಕ್ಷೆಯನ್ನು ನಡೆಯಿಸಿದರು. 223 ರೋಗಿಗಳ ಫಲಿತಾಂಶವು 2014ರಲ್ಲಿ ಪ್ರಕಟವಾಯಿತು. ಸರಾಸರಿ 33 ತಿಂಗಳ ಅವಧಿಯಲ್ಲಿ, ಔಷಧಿಯಿಂದ ಮಾತ್ರ ನೋಡಿಕೊಂಡವರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ ಲಕ್ವಾ ಅಥವಾ ಮರಣವು ಬಂದರೆ, ಗೋಜಲನ್ನು ಮುಚ್ಚಲು ಯತ್ನಿಸಿದವರಲ್ಲಿ ಸುಮಾರು 31 ಮಂದಿಗೆ ಬಂದಿತು. ಮೂರು ವರ್ಷಗಳ ಲೆಕ್ಕವು ಮೂವತ್ತು ವರ್ಷ ಬದುಕಬೇಕಾದ ಹುಡುಗನಿಗೆ ಸಲ್ಲದೆಂದೂ, ಪರೀಕ್ಷೆಯಲ್ಲಿ ಶಸ್ತ್ರಕ್ರಿಯೆಗೊಳಗಾದವರು ಬಹಳ ಸ್ವಲ್ಪವೆಂದೂ ಅನೇಕ ತಜ್ಞರು ಆಕ್ಷೇಪಿಸಿರುವರು. ಆ ಆಕ್ಷೇಪದಲ್ಲಿಯೂ ಹುರುಳಿದೆ. ಒಡೆದ ಗೋಜಲಿನ ಮಾತು ಬೇರೆ. ಒಮ್ಮೆ ಒಡೆದುದು ಮತ್ತೆ ಒಡೆಯುವ ಸಂಭವ ಹೆಚ್ಚಾದುದರಿಂದ ಅಲ್ಲಿ ಚಿಕಿತ್ಸೆಯ ಕಡೆಗೇ ತಕ್ಕಡಿಯು ವಾಲುವುದು. ಒಡೆದ ಉಬ್ಬಿನ ವಿಷಯದಲ್ಲಿ, 2143 ರೋಗಿಗಳ ಇನ್ನೊಂದು ಪರೀಕ್ಷೆಯು 2002ರಲ್ಲಿ, ಎರಡಕ್ಕೂ ಒಗ್ಗುವ ರೋಗಿಗಳಲ್ಲಿ ಚಿಮುಟಿಗಿಂತ ಸುರುಳಿಯೇ ಒಂದು ವರ್ಷದ ಕೊನೆಗೆ ಮೇಲೆಂದು ತೋರಿಸಿತು.

ಪರೀಕ್ಷೆಗೆ ಮೊದಲೇ ನಂಬಿಕೆ ಬೆಳೆದರೆ ಏನಾಗುವುದೆಂಬುದಕ್ಕೆ ಮೇಲೆ ಹೇಳಿದ ಮೋನಿಝರ ಬಾಳೇ ನಿದರ್ಶನವಾಗಿದೆ. ರಕ್ತನಾಳಗಳ ಚಿತ್ರವನ್ನು ಕೊಟ್ಟ ಅದೇ ವೈದ್ಯರು 1935ರಲ್ಲಿ, ಮನೋರೋಗಿಗಳ ಮಿದುಳಿನ ಮುಂಭಾಗದ ತಂತುಗಳನ್ನು ಕತ್ತರಿಸುವ ಲ್ಯೂಕೋಟಮಿ ಎಂಬ ಶಸ್ತ್ರವನ್ನು ಆರಂಭಿಸಿ, ಅದಕ್ಕಾಗಿ 1949ರಲ್ಲಿ ನೊಬೆಲ್ ಪಾರಿತೋಷಕವನ್ನೂ ಪಡೆದರು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯಲ್ಲಿಯೂ ಅದು 1940ರ ದಶಕದಲ್ಲಿ ನಡೆಯಿತು. 1950ರ ದಶಕದಲ್ಲಿ ಮನೋರೋಗಕ್ಕೆ ಔಷಧಿಗಳು ಬಂದ ಮೇಲೆ, ಅದರಿಂದ ರೋಗಿಗಳ ವ್ಯಕ್ತಿತ್ವಕ್ಕೆ ಆದ ಹಾನಿಯು ಮನವರಿಕೆಯಾಗಿ ಅದು ಬಿದ್ದುಹೋಯಿತು. ರಕ್ತನಾಳಗಳ ಚಿತ್ರವು ಉಳಿಯಿತು, ತಂತು ಕತ್ತರಿಸುವುದು ಅಳಿಯಿತು. ಒಬ್ಬರೇ ವೈದ್ಯರ ಎರಡು ಕಾಣಿಕೆಗಳಲ್ಲಿ ಯಾವುದು ನಿಜವಾದುದೆಂದು ಗುರುತಿಸಿದುದು ಕೀರ್ತಿಯಲ್ಲ, ಪಾರಿತೋಷಕವಲ್ಲ. ರೋಗಿಗಳ ಸ್ಥಿತಿಯನ್ನು ವರ್ಷಗಟ್ಟಲೆ ಎಣಿಸಿ ನೋಡಿದ ಪರೀಕ್ಷೆಯೇ.

ನಮ್ಮ ನಾಡಿನಲ್ಲಿ

ಭಾರತದಲ್ಲಿ ನರಶಸ್ತ್ರವೈದ್ಯಕ್ಕೆ ಪ್ರತ್ಯೇಕವಾದ ವಿಭಾಗವು ಮೊದಲು ಪ್ರಾರಂಭವಾದುದು 1949ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ. ಅದನ್ನು ಸ್ಥಾಪಿಸಿದ ಡಾ. ಜೇಕಬ್ ಚಾಂಡಿಯವರು ಕೆನಡಾದ ಮಾಂಟ್ರಿಯಲ್ಲಿನಲ್ಲಿ ವೈಲ್ಡರ್ ಪೆನ್‌ಫೀಲ್ಡರ ಬಳಿ ಕಲಿತವರು. ಮಿದುಳಿಗೆ ಸ್ವತಃ ನೋವಿನ ಅರಿವಿಲ್ಲ. ಆದುದರಿಂದ ರೋಗಿಯನ್ನು ಎಚ್ಚರದಲ್ಲಿರಿಸಿ, ಅವನೊಡನೆ ಮಾತನಾಡುತ್ತಲೇ ಮಿದುಳಿನ ಮೇಲೆ ಮಾತಿನ ಸ್ಥಾನ, ಕೈಯ ಸ್ಥಾನಗಳನ್ನು ಗುರುತಿಸಿಕೊಂಡು ಶಸ್ತ್ರಮಾಡುವ ಪದ್ಧತಿಯನ್ನು ಬೆಳೆಯಿಸಿದವರು ಈ ಪೆನ್‌ಫೀಲ್ಡರೇ. 1950ರಲ್ಲಿ ಮದ್ರಾಸಿನಲ್ಲಿ ಡಾ. ಬಿ. ರಾಮಮೂರ್ತಿಗಳು ಕೆಲಸವನ್ನು ಪ್ರಾರಂಭಿಸಿದರು. 1951ರಲ್ಲಿ ಭಾರತೀಯ ನರವೈದ್ಯರ ಸಂಘವು ಹುಟ್ಟಿತು.

ಕನ್ನಡ ನಾಡಿನಲ್ಲಿ ಬೆಂಗಳೂರಿನ ಹೊಸೂರು ರಸ್ತೆಯ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಯಿತು. 1958ರಲ್ಲಿ ಡಾ. ಆರ್. ಮಾರ್ತಾಂಡ ವರ್ಮರ ನೇತೃತ್ವದಲ್ಲಿ ಅಲ್ಲಿ ನರಶಸ್ತ್ರ ವಿಭಾಗವು ಪ್ರಾರಂಭವಾಯಿತು. 1974ರಲ್ಲಿ ಆಸ್ಪತ್ರೆ, ಸಂಸ್ಥೆ ಎರಡೂ ಕೂಡಿ ಇಂದಿನ ನಿಮ್ಹಾನ್ಸ್ ಆಯಿತು. ಜಮಖಂಡಿಯಿಂದ ಐನೂರು ಕಿಲೋಮೀಟರುಗಳಿಗೂ ದೂರವಾದರೂ ಈ ಹೆಸರು ನಮ್ಮ ಹಳ್ಳಿಗಳಿಗೆ ಪರಿಚಿತವಾಗಿದೆ.

ಈ ಸಂಸ್ಥೆಯಲ್ಲಿ 1995ರಲ್ಲಿ ನರರೋಗಶಾಸ್ತ್ರಜ್ಞ ಡಾ. ಎಸ್. ಕೆ. ಶಂಕರ್ ಅವರು ಮಾನವ ಮಿದುಳಿನ ಭಂಡಾರವೊಂದನ್ನು ಸ್ಥಾಪಿಸಿದರು. ತೀರಿಕೊಂಡವರ ಬಂಧುಗಳ ಒಪ್ಪಿಗೆಯಿಂದ ಪಡೆದ ಮಿದುಳುಗಳನ್ನು ಅಲ್ಲಿ ಅತಿಶೀತದಲ್ಲಿ ಕಾದಿರಿಸಿ ಸಂಶೋಧಕರಿಗೆ ಒದಗಿಸುವರು. ಜೊತೆಗಿರುವ ವಸ್ತುಸಂಗ್ರಹಾಲಯದಲ್ಲಿ ಗಡ್ಡೆ, ರಕ್ತಸ್ರಾವ, ಹುಳುವಿನ ಗಂಟುಗಳುಳ್ಳ ಮಿದುಳುಗಳನ್ನು ಜನಸಾಮಾನ್ಯರೂ ನೋಡಬಹುದು. ಸತ್ತವರ ದೇಹವನ್ನು ಇಡಿಯಾಗಿ ಮಣ್ಣಿಗೋ ಬೆಂಕಿಗೋ ಒಪ್ಪಿಸಬೇಕೆಂಬ ಭಾವನೆಯು ನಮ್ಮಲ್ಲಿ ಬಲವಾಗಿದೆ. ಅದನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದರೆ ಇಂಥ ಭಂಡಾರಗಳ ಫಲವೇನೆಂಬುದನ್ನು ತಿಳಿದು ಆಲೋಚಿಸುವುದು ಒಳ್ಳೆಯದು. ಶಸ್ತ್ರದಲ್ಲಿ ತೆಗೆದ ಗೋಜಲುಗಳನ್ನು ಕಾದಿರಿಸಿ ಪರೀಕ್ಷಿಸಿದುದರಿಂದಲೇ 2018ರಲ್ಲಿ, 72 ರೋಗಿಗಳಲ್ಲಿ 45 ಮಂದಿಯ ಗೋಜಲಿನಲ್ಲಿ ಕೆ-ರಾಸ್ ಎಂಬ ಜೀನಿನ ವ್ಯತ್ಯಾಸವು ಕಂಡುಬಂದಿತು. ಇದು ತಂದೆತಾಯಿಗಳಿಂದ ಬಂದುದಲ್ಲ; ಆ ನಾಳಗಳಲ್ಲಿಯೇ ಹುಟ್ಟಿಕೊಂಡುದು. ಯಾವ ವಿಕಾರಕ್ಕೆ ಕತ್ತಿಯ ಹೊರತು ಗತಿಯಿಲ್ಲವೆಂದು ತಿಳಿದಿದ್ದೆವೋ ಅದಕ್ಕೆ ಔಷಧಿಯನ್ನು ಹುಡುಕುವ ದಾರಿಯು ಇದರಿಂದ ತೆರೆದಿದೆ. ಮಗುವಿಗೆ ಇಂಥ ರೋಗ ಬಂದಾಗ “ಬಸುರಿಯಲ್ಲಿ ತಾಯಿ ಏನು ತಿಂದಳೋ” ಎಂದು ದೂರುವವರಿಗೂ ಇದರಲ್ಲಿ ಉತ್ತರವಿದೆ.

ಗೃಹಸ್ಥರು ನೆನಪಿಡಬೇಕಾದುದು

ತಲೆನೋವೆಲ್ಲವೂ ಗಡ್ಡೆಯಲ್ಲ, ಬಹುಮಟ್ಟಿಗೆ ತಲೆನೋವುಗಳು ನಿರುಪದ್ರವಿಗಳು. ಆದರೆ ಬೆಳಗ್ಗೆ ಎದ್ದಾಗ ಹೆಚ್ಚಾಗಿದ್ದು, ವಾರದಿಂದ ವಾರಕ್ಕೆ ಏರುತ್ತ, ವಾಂತಿಯೊಡನೆ ಬರುವ ನೋವು, ಪ್ರಾಯದಲ್ಲಿ ಮೊದಲ ಸಲ ಬಂದ ಮೂರ್ಛೆ, ಮೆಲ್ಲಗೆ ಸೋಲುವ ಕೈಕಾಲು, ಮಂಜಾಗುವ ದೃಷ್ಟಿ, ಒಂದೇ ಕಿವಿಯಲ್ಲಿ ಕುಂದುವ ಕೇಳ್ವಿಕೆ ಇವು ಚಿತ್ರ ತೆಗೆಯಿಸಿ ನೋಡಬೇಕಾದ ಲಕ್ಷಣಗಳು. ಸಿಡಿಲು ಬಡಿದಂತೆ ಒಂದೇ ಕ್ಷಣದಲ್ಲಿ ಬಂದ, ಹಿಂದೆಂದೂ ಅನುಭವಿಸದ ತಲೆನೋವಿನೊಡನೆ ವಾಂತಿ, ಕತ್ತು ಬಿಗಿತ, ಎಚ್ಚರ ತಪ್ಪುವುದು ಕಂಡರೆ ನಾಳದ ಉಬ್ಬು ಒಡೆದಿರಬಹುದೆಂದು ತಿಳಿದು, 108ಕ್ಕೆ ಕರೆಮಾಡಿ, ಸಿ.ಟಿ. ಯಂತ್ರವಿರುವ ಆಸ್ಪತ್ರೆಗೆ ನೇರವಾಗಿ ಒಯ್ಯಬೇಕು. ಬೆಳಗಾಗಲೆಂದು ಕಾಯಬಾರದು, ರಕ್ತವನ್ನು ತೆಳುವಾಗಿಸುವ ಆಸ್ಪಿರಿನ್ನನ್ನು ಕೊಡಬಾರದು. ಮತ್ತೆ ಒಡೆಯುವ ಅಪಾಯವು ಮೊದಲ ದಿನದಲ್ಲಿಯೇ ಅತಿ ಹೆಚ್ಚು.

ಮೂರ್ಛೆ ಬಂದವನ ಮೂಗಿಗೆ ಉಳ್ಳಾಗಡ್ಡಿಯನ್ನೋ ಚಪ್ಪಲಿಯನ್ನೋ ಹಿಡಿಯುವುದು, ಕೈಯಲ್ಲಿ ಕೀಲಿಕೈ ಕೊಡುವುದು ನಿಷ್ಫಲ. ಹಲ್ಲಿನ ನಡುವೆ ಚಮಚವನ್ನು ತುರುಕುವುದು, ನೀರು ಕುಡಿಸುವುದು ಅಪಾಯ. ಪಕ್ಕಕ್ಕೆ ಮಲಗಿಸಿ, ಬಿಗಿಯುಡುಪನ್ನು ಸಡಿಲಿಸಿ, ಗಡಿಯಾರವನ್ನು ನೋಡಬೇಕು. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು. ದೆವ್ವ ಬಡಿದಿದೆಯೆಂದು ತಿಂಗಳುಗಟ್ಟಲೆ ಅಲೆದ ರೋಗಿಯ ಗಡ್ಡೆಯು ಆ ತಿಂಗಳುಗಳಲ್ಲಿ ಬೆಳೆಯುತ್ತಲೇ ಇರುವುದು. ದೇವರಿಗೆ ಹರಕೆ ಹೊರುವುದನ್ನು ನಾವು ಬೇಡವೆನ್ನುವುದಿಲ್ಲ. ಹರಕೆಯೂ ಚಿತ್ರವೂ ಒಂದೇ ವಾರದಲ್ಲಿ ನಡೆಯಲಿ ಎನ್ನುತ್ತೇವೆ. ಮೊಬೈಲ್ ಫೋನಿನಿಂದ ಗಡ್ಡೆ ಬರುವುದೇ ಎಂದು ಅನೇಕರು ಕೇಳುವರು. ವಿಶ್ವ ಆರೋಗ್ಯ ಸಂಸ್ಥೆಯು ಮಾಡಿಸಿ 2024ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಅಂಥ ಸಂಬಂಧವು ಕಂಡುಬಂದಿಲ್ಲ.

ಖರ್ಚಿನ ಮಾತೂ ಹೇಳಬೇಕು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನದ ರೇಖೆಯ ಕೆಳಗಿನ ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಗೆ ಅವಕಾಶವನ್ನು ಕಲ್ಪಿಸಿದೆ. ತುರ್ತಲ್ಲದ ಸಂದರ್ಭದಲ್ಲಿ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರವು ಬೇಕಾಗಬಹುದು. ಹೊಲವನ್ನೋ ಮಗ್ಗವನ್ನೋ ಒತ್ತೆಯಿಡುವುದಕ್ಕೆ ಮೊದಲು ಇದನ್ನು ವಿಚಾರಿಸಿಕೊಳ್ಳತಕ್ಕದ್ದು. ತೆಗೆಯಿಸಿದ ಚಿತ್ರಗಳು, ತುಣುಕಿನ ವರದಿ, ಔಷಧಿಯ ಚೀಟಿಗಳನ್ನು ತಾರೀಖಿನ ಕ್ರಮದಲ್ಲಿ ಒಂದೇ ಚೀಲದಲ್ಲಿ ಇಟ್ಟುಕೊಂಡು ಹೋದರೆ ದೂರದ ಆಸ್ಪತ್ರೆಯಲ್ಲಿ ಅರ್ಧ ಕೆಲಸವೇ ಉಳಿಯುವುದು.

ಡಾಕ್ಟರ ಮುಂದೆ ಕುಳಿತಾಗ ಮನೆಯ ಹಿರಿಯರು ಸಂಕೋಚಪಡದೆ ಕೇಳಬೇಕಾದುದು ಮೇಲಿನ ಮೂರು ಪ್ರಶ್ನೆಗಳನ್ನೇ. ಎಲ್ಲಿದೆ? ಏನದು? ಶಸ್ತ್ರ ಮಾಡಿಸಿದರೆ ಏನಾದೀತು, ಮಾಡಿಸದೆ ಕಾದರೆ ಏನಾದೀತು? ಒಳ್ಳೆಯ ವೈದ್ಯನು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ, ಏಕೆಂದರೆ ಅವನ ವಿದ್ಯೆಯು ಬೆಳೆದುದೇ ಇವುಗಳಿಂದ. “ಉಳಿಯುವುದುಂಟೇ?” ಎಂಬ ಹಿರಿಯರ ಪ್ರಶ್ನೆಗೆ ಎಲ್ಲರಿಗೂ ಸಲ್ಲುವ ಒಂದೇ ಉತ್ತರವು ಇಂದಿಗೂ ಇಲ್ಲ. ಕೆಲವರು ಪೂರ್ಣ ಗುಣವಾಗುವರು, ಕೆಲವರಿಗೆ ಶಸ್ತ್ರವೇ ಬೇಕಾಗುವುದಿಲ್ಲ, ಕೆಲವರಿಗೆ ವಿದ್ಯೆಯು ಇನ್ನೂ ಸಾಲದು. ಆದರೆ ಯಾರು ಯಾವ ಗುಂಪಿನವರೆಂಬುದನ್ನು ಹೊತ್ತಿಗೆ ಸರಿಯಾಗಿ ತಿಳಿಯುವ ಸಾಧನವು ಈಗ ನಮ್ಮ ಜಿಲ್ಲೆಯ ಆಸುಪಾಸಿನಲ್ಲಿಯೇ ಇದೆ. ಅದನ್ನು ಬಳಸಿಕೊಳ್ಳುವ ಧೈರ್ಯವು ಪ್ರತಿಯೊಂದು ಮನೆಯಲ್ಲಿಯೂ ಇರಲೆಂದು ನಾವು ಹಾರೈಸುತ್ತೇವೆ.